ಬುಟ್ಟಿ ಹುಲ್ಲಿನ ಹಾಗೆ

ಏಪ್ರಿಲ್ 28

158/94. ದವಾಖಾನೆಯ ಹುಡುಗಿ ಈ ಪುಸ್ತಕ ಕೊಟ್ಟಿದ್ದು ಬಿಪಿ ಬರೆದಿಡಲು. ಬೆಳಿಗ್ಗೆ ತೋಳಿಗೆ ಪಟ್ಟಿ ಕಟ್ಟಿಕೊಂಡು ಎರಡು ಸಂಖ್ಯೆ ಬರೆದರೆ ಸಾಕಂತೆ. ಇಷ್ಟು ದೊಡ್ಡ ಹಾಳೆಗೆ ಎರಡೇ ಸಂಖ್ಯೆ ಬರೆದು ಉಳಿದದ್ದನ್ನು ಖಾಲಿ ಬಿಡಲು ನನಗೆ ಮನಸ್ಸು ಬಾರದು. ಸಂಖ್ಯೆ ಯಾಕೆ ಏರಿತು ಎಂಬುದನ್ನೂ ಬರೆಯುತ್ತೇನೆ. ಯಾರು ಓದಬೇಕಾಗಿದೆ.

ಏರಿದ್ದು ಶಾರ್ಲೀನಳಿಂದ. ಹೌದು, ಶಾರ್ಲೀನ್ ಎಂದೇ ಬರೆಯುತ್ತೇನೆ. ಅವಳ ಇನ್ನೊಂದು ಹೆಸರು ಬರೆಯಲು ಇವತ್ತು ಕೈ ಬರುವುದಿಲ್ಲ.

ನಿನ್ನೆ ಊರ ಸಭೆ ಇತ್ತು. ಹೋದ ವರ್ಷದ ಬಿರುಗಾಳಿ ಕಡಲ ದಂಡೆಯನ್ನು ಎರಡು ಕಡೆ ತಿಂದುಹಾಕಿದೆ. ಒಂದು, ಸಮಾಧಿಗಳ ಮುಂದೆ. ಇನ್ನೊಂದು, ನನ್ನ ನಾದಿನಿ ಮತ್ರೋನಾಳ ಮನೆ ಇರುವ ತಗ್ಗಿನಲ್ಲಿ. ಶಾರ್ಲೀನ್ ಕರಾವಳಿ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ನಕ್ಷೆ ಹರಡಿ, ಎರಡೂ ಕಡೆ ಹುಲ್ಲು ನೆಟ್ಟರೆ ಬೇರು ಮರಳನ್ನು ಹಿಡಿದುಕೊಳ್ಳುತ್ತದೆ ಎಂದಳು. ಉಪ್ಪುನೀರು ಮೇಲೆ ಬಿದ್ದರೂ ಸಾಯದೆ, ಏಳೆಂಟು ತಿಂಗಳು ಹಿಮದಡಿ ಮಲಗಿ ಮತ್ತೆ ಏಳುವ ಹುಲ್ಲು ನಮ್ಮ ಕಡೆ ಅದೊಂದೇ ಅಂತೆ. ಅವಳ ಕಾಗದದಲ್ಲಿ ಅದಕ್ಕೆ ಉದ್ದದ ಹೆಸರಿದೆ. ನಮಗದು ಬುಟ್ಟಿ ಹುಲ್ಲು. ನಾನು ಹೆಣೆಯುವ ಬುಟ್ಟಿಗಳೆಲ್ಲ ಅದರವೇ.

"ಸಸಿ ಎಲ್ಲಿಂದ ತರ್ತೀಯ?" ಎಂದು ಯಾರೋ ಕೇಳಿದರು.

"ಗಟ್ಟಿ ಬೇರಿನ ಹುಲ್ಲು ಇರೋದು ಅಕಿಲಿನಾ ಅಜ್ಜಿ ಜಾಗದಲ್ಲೇ. ಅಜ್ಜಿ ಒಪ್ಪಿದ್ರೆ..." ಎಂದಳು.

ಅಜ್ಜಿ. ಊರೆಲ್ಲರ ಎದುರು ನನ್ನನ್ನು ಅಜ್ಜಿ ಎಂದಳು.

ನಮ್ಮವರು ತೀರಿಕೊಂಡ ಮೇಲೆ ಊರಲ್ಲಿ ಹುಟ್ಟಿದ ಮೊದಲ ಕೂಸು ಅವಳು. ನಮ್ಮವರ ಚರ್ಚಿನ ಹೆಸರು ವಾಸಿಲಿ, ಮನೆಮಾತಿನ ಹೆಸರು ಅಪಾರುಕ್. ಆ ಹೆಸರು ಅವಳಿಗೆ ಬಂತು. ನಮ್ಮಲ್ಲಿ ತೀರಿಕೊಂಡವರ ಹೆಸರು ಬಂದರೆ ಆ ಮನುಷ್ಯನೇ ಬಂದಂತೆ. ಮೂರು ವರ್ಷದವಳಿದ್ದಾಗ ನನ್ನ ಬಾಗಿಲಲ್ಲಿ ನಿಂತು "ಹೆಂಡ್ತೀ, ಮೀನು ಕೊಡೇ" ಅನ್ನುತ್ತಿದ್ದಳು. ನಾನು "ತಗೊಳ್ಳಿ, ರೀ" ಎಂದು ದೊಡ್ಡ ತುಂಡು ಕೊಡುತ್ತಿದ್ದೆ. ಊರು ಬಿದ್ದು ಬಿದ್ದು ನಗುತ್ತಿತ್ತು. ಮತ್ರೋನಾ ಅವಳನ್ನು ಇವತ್ತಿಗೂ ಅಣ್ಣ ಅಂತಲೇ ಕರೆಯುವುದು. ಪ್ರತಿ ವರ್ಷ ಅವಳ ಕಾಲಿಗೆ ಬೂಟು ನನ್ನ ಕಡೆಯಿಂದಲೇ. ಬೆತೆಲ್ ಪಟ್ಟಣಕ್ಕೆ ಓದಲು ಹೋಗಿ ಬಂದ ಮೇಲೆ ಏನಾಯಿತೋ, ನಾಚಿಕೆಯೋ ಏನೋ, ಅಜ್ಜಿ ಶುರುವಾಯಿತು. ಈಗ ಹುಲ್ಲೂ ಬೇಕಂತೆ.

"ಅಮ್ಮ ಕೊಯ್ದ ಜಾಗ ಅದು. ಒಂದು ಬೇರೂ ಕೊಡಲ್ಲ" ಎಂದೆ.

ಮತ್ರೋನಾ ಎದ್ದು, ಹುಲ್ಲು ಗಿಲ್ಲು ಆಮೇಲೆ, ಸತ್ತವರನ್ನು ಮೊದಲು ಗುಡ್ಡಕ್ಕೆ ಒಯ್ಯೋಣ ಎಂದಳು. ಮಲಗಿದವರನ್ನು ಎಬ್ಬಿಸುವುದು ಯಾವ ಸೀಮೆಯ ನ್ಯಾಯ ಎಂದು ಕೇಳಿ ಎದ್ದು ಬಂದೆ.

ಮೇ 3

161/95. ಹೆಬ್ಬಾತುಗಳು ಬಂದಿವೆ. ಯಾರೋ ಒಂದನ್ನು ಸುಲಿದು ಬಾಗಿಲ ಬಳಿ ಇಟ್ಟು ಹೋಗಿದ್ದಾರೆ. ಶಾರ್ಲೀನಳೇ ಇರಬೇಕು. ಸಾರು ಮಾಡಿ ಕುಡಿದೆ. ಹುಲ್ಲು ಮಾತ್ರ ಕೊಡುವುದಿಲ್ಲ.

ಮೇ 11

155/92. ಕಡಲ ಮಂಜುಗಡ್ಡೆ ಬಿಟ್ಟಿತು. ಇವತ್ತು ನಮ್ಮವರ ಸಮಾಧಿಗೆ ಹೋಗಿದ್ದೆ. ಹೋಗಬಾರದಿತ್ತು ಅನ್ನಿಸಿತು.

ಹೋದ ವರ್ಷ ಶಿಲುಬೆಯಿಂದ ದಂಡೆಯ ಅಂಚಿಗೆ ಇಪ್ಪತ್ತೆಂಟು ಹೆಜ್ಜೆ ಇತ್ತು. ಇವತ್ತು ಎಣಿಸಿದರೆ ಹನ್ನೊಂದು. ಎರಡು ಸಲ ಎಣಿಸಿದೆ. ಸಣ್ಣ ಹೆಜ್ಜೆ ಇಟ್ಟರೆ ಹದಿಮೂರು ಮಾಡಬಹುದು, ಆದರೆ ಕಡಲಿಗೆ ಮೋಸ ಮಾಡಿ ಏನು ಬಂತು. ಅಂಚಿನ ಕೆಳಗೆ ಮರಳು ಸುರ್ರೆಂದು ಜಾರುತ್ತಲೇ ಇದೆ. ಮುಂದಿನ ಬಿರುಗಾಳಿಗೆ ಇವರು ಹೋಗುತ್ತಾರೆ. ಅಗೆದು ಒಯ್ಯುವುದಕ್ಕೂ ನನ್ನ ಮನಸ್ಸು ಒಪ್ಪದು. ಎಲ್ಲೋ ಒಂದು ಕಡೆ ನೆಮ್ಮದಿಯಾಗಿ ಮಲಗಿರಲಿ ಎಂದು ಬಯಸುವುದೂ ತಪ್ಪೇ?

ಇವರಿಗೆ ನೆಮ್ಮದಿ ನಾನು ಕೊಡಲಿಲ್ಲ. ಅದನ್ನು ಎಲ್ಲೂ ಬರೆದಿಲ್ಲ, ಇಲ್ಲಿ ಬರೆಯುತ್ತೇನೆ. ಆ ನವೆಂಬರ್ ಬೆಳಿಗ್ಗೆ ನಮಗೆ ಜಗಳವಾಗಿತ್ತು. ಯಾವುದಕ್ಕೆ ಎಂಬುದೇ ಮರೆತುಹೋಗಿದೆ. ಹಿಮಗಾಡಿ ಹತ್ತಿ ಬಲೆ ನೋಡಲು ಹೊರಟರು. ಹಿಂದಿನ ದಿನ ಒದ್ದೆಯಾದ ಬೂಟನ್ನೇ ಹಾಕಿಕೊಂಡಿದ್ದರು. ನೋಡಿದೆ. ಒಣಗಿದ ಜೋಡಿ ಒಲೆಯ ಹತ್ತಿರವೇ ಇತ್ತು. ಮುನಿಸಿನಲ್ಲಿ ಬಾಯಿ ಬಿಡಲಿಲ್ಲ. ಗಾಡಿ ದಾರಿಯಲ್ಲಿ ಕೆಟ್ಟಿತು. ನಡೆದು ಬರುತ್ತಿದ್ದರಂತೆ. ಊರಿಗೆ ಎಂಟು ಮೈಲಿ ಇರುವಾಗ ಕಾಲು ಹೆಪ್ಪುಗಟ್ಟಿ ಕೂತವರು ಏಳಲಿಲ್ಲ. ಇಪ್ಪತ್ತೇಳು ವರ್ಷವಾಯಿತು. ಒಂದು ಮಾತು ಆಡಿದ್ದರೆ ಸಾಕಿತ್ತು.

ಮೇ 14

ಶಾರ್ಲೀನಳನ್ನು ಕರೆದು ಹೇಳಿದೆ. "ಹೊರಗಿನ ಅರ್ಧ ತಗೋ. ಒಳಗಿನದು ಅಮ್ಮಂದು, ಅದಕ್ಕೆ ಕೈ ಹಚ್ಚೋ ಹಾಗಿಲ್ಲ. ನೆಡೋದು ಮೊದಲು ಸಮಾಧಿ ಮುಂದೆ."

"ಹೊರಗಿಂದಷ್ಟೇ ಸಾಕು ಅಜ್ಜಿ. ಸಮಾಧಿಗೂ ಆಗುತ್ತೆ, ತಗ್ಗಿಗೂ ಆಗುತ್ತೆ" ಎಂದಳು. ಖುಷಿಗೆ ನನ್ನ ಕೈ ಹಿಡಿದುಕೊಂಡವಳು ಮತ್ತೆ ಬಿಟ್ಟಳು.

ಈಗಲೇ ಅಗೆಯಬೇಕಂತೆ. ಹೊಸ ಚಿಗುರು ಕಣ್ಣು ಬಿಡುವ ಮೊದಲು ಬುಡ ಬಿಡಿಸಿದರೆ ನೆಟ್ಟಲ್ಲಿ ಹಿಡಿಯುತ್ತದೆ. ಎಲ್ಲವನ್ನೂ ಕೀಳಬಾರದು, ಮೂರಕ್ಕೊಂದು ಬುಡ ಬಿಡಬೇಕು. ನನಗೆ ಹುಲ್ಲಿನ ವಿಷಯ ಹೇಳಿಕೊಡಲು ಬಂದಳು. ಅರವತ್ತು ವರ್ಷದಿಂದ ಕೊಯ್ಯುತ್ತಿದ್ದೇನೆ. ಆದರೂ ಸುಮ್ಮನೆ ಕೇಳಿಸಿಕೊಂಡೆ. ನಾವು ಕೊಯ್ಯುವುದು ಮೊದಲ ಇಬ್ಬನಿ ಹೆಪ್ಪುಗಟ್ಟಿದ ಮೇಲೆ, ಎಲೆ ಹೊನ್ನಿನ ಬಣ್ಣಕ್ಕೆ ತಿರುಗಿದಾಗ, ಅದೂ ಬುಡ ಬಿಟ್ಟು. ಚಿಕ್ಕಂದಿನಲ್ಲಿ ಅಪ್ಪಿತಪ್ಪಿ ಬೇರು ಕಿತ್ತರೆ ಅಮ್ಮ ಕೈಮೇಲೆ ಪಟ್ಟೆಂದು ಬಾರಿಸುತ್ತಿದ್ದಳು.

ನಾಳೆ ಅವಳು ಗೊಬ್ಬರ ತರಲು ಬೆತೆಲ್‌ಗೆ ಹೋಗುತ್ತಾಳೆ. ನಾಲ್ಕು ದಿನದಲ್ಲಿ ವಾಪಸ್ಸು. ಕಾಲಲ್ಲಿ ಅಂಗಡಿಯ ರಬ್ಬರ್ ಬೂಟು ಇತ್ತು, ಹಿಮ್ಮಡಿ ಸೀಳಿದೆ. ನಾನು ಕೊಟ್ಟದ್ದನ್ನು ಹಾಕುವುದಿಲ್ಲ.

ಮೇ 18

ಮಂಜು ಕವಿದಿದೆ, ವಿಮಾನವಿಲ್ಲ. ಫೋನ್ ಮಾಡಿದ್ದಳು.

"ಇನ್ನೂ ಒಂದು ವಾರ ಆಗ್ಬೋದು ಅಜ್ಜಿ. ಅಷ್ಟರಲ್ಲಿ ಚಿಗುರು ಬಂದ್ಬಿಟ್ರೆ ಕಷ್ಟ. ನೀವೇ ಅಗೆಸಿ ಇಡ್ತೀರಾ?"

"ಅಗೆದ್ಮೇಲೆ ಹೇಗಿಡೋದು?"

"ನಿಮ್ಮ ಬುಟ್ಟಿ ಹುಲ್ಲಿನ ಹಾಗೇ ಜೋಪಾನವಾಗಿ ಇಡಿ. ಅಷ್ಟು ಹೇಳಿದ್ರೆ ಸಾಕಲ್ಲ ನಿಮಗೆ" ಎಂದು ನಕ್ಕಳು.

ಸಾಕು ಮತ್ತೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ.

ಮೇ 23

148/90. ಐದು ದಿನ ಅಗೆದೆವು. ನಾನು, ಮತ್ರೋನಾ, ಅವಳ ಇಬ್ಬರು ಸೊಸೆಯಂದಿರು. ಸೊಂಟ ಬಿದ್ದುಹೋಗಿದೆ. ಮೊದಲ ಬೇರು ಕಿತ್ತಾಗ ಕೈ ತಾನಾಗಿ ಹಿಂದಕ್ಕೆ ಬಂತು, ಅಮ್ಮ ಬಾರಿಸುತ್ತಾಳೆ ಎಂಬಂತೆ. ಒಳ್ಳೆಯ ಬೇರು. ಕೆಲವು ನನ್ನ ಎತ್ತರಕ್ಕಿಂತ ಉದ್ದ.

ಸಾವಿರದ ಇನ್ನೂರು ಬುಡ. ಹುಲ್ಲಿಗೆ ಮಾಡುವುದನ್ನೆಲ್ಲ ಮಾಡಿದೆವು. ಮರಳು ಹೋಗುವಂತೆ ತೊಳೆದೆವು, ಉದ್ದ ನೋಡಿ ವಿಂಗಡಿಸಿದೆವು, ಹೂಮಾಲೆಯ ಹಾಗೆ ಸಾಲಾಗಿ ಹೆಣೆದೆವು, ಮೀನು ಒಣಗಿಸುವ ಚಪ್ಪರಕ್ಕೆ ತೂಗುಹಾಕಿದೆವು. ಗಾಳಿ ಚೆನ್ನಾಗಿ ಆಡುತ್ತಿದೆ. ಬೂಷ್ಟು ಹಿಡಿಯುವ ಮಾತೇ ಇಲ್ಲ.

"ಅಣ್ಣ ಬಂದು ನೋಡ್ಲಿ ಅತ್ತಿಗೆ. ಈ ಜನ್ಮದಲ್ಲಿ ನಿನ್ನ ಕೆಲಸ ಹೊಗಳದೆ ಇರೋ ಹಾಗಿಲ್ಲ" ಎಂದಳು ಮತ್ರೋನಾ.

"ಹೋದ ಜನ್ಮದಲ್ಲೂ ಹೊಗಳಿರಲಿಲ್ಲ ನಿಮ್ಮಣ್ಣ" ಎಂದೆ. ಇಬ್ಬರೂ ನಕ್ಕೆವು. ಅವಳ ಜೊತೆ ನಕ್ಕು ತಿಂಗಳಾಗಿತ್ತು.

ಮೇ 31

ಬಿಪಿ ನೋಡಿಕೊಳ್ಳಲು ಧೈರ್ಯವಿಲ್ಲ.

ಬೆಳಿಗ್ಗೆ ವಿಮಾನ ಇಳಿಯಿತು. ಶಾರ್ಲೀನ್ ನೆಟ್ಟಗೆ ನನ್ನ ಮನೆಗೇ ಬಂದಳು. "ಸಸಿ ಎಲ್ಲಿ?" ಎಂದಳು. ಬಾ ಎಂದು ಹಿಂದುಗಡೆಗೆ ಕರೆದೊಯ್ದೆ. ನನ್ನ ನಡಿಗೆಯಲ್ಲಿ ಎಷ್ಟು ಗರ್ವ ಇತ್ತು ಎಂದು ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದಳು. ಒಂದು ಬೇರನ್ನು ಹಿಡಿದು ಬಗ್ಗಿಸಿದಳು. ಟಕ್ಕೆಂದು ಮುರಿಯಿತು. ಇನ್ನೊಂದು. ಅದೂ ಮುರಿಯಿತು. ಮಗುಚಿ ಹಾಕಿದ್ದ ದೋಣಿಯ ಮೇಲೆ ಕೂತುಬಿಟ್ಟಳು. ಆಗ ನನ್ನ ತಲೆಗೆ ಹೊಳೆಯಿತು. ಬುಟ್ಟಿ ಹುಲ್ಲನ್ನು ಒಣಗಿಸಬೇಕು. ನೆಡುವ ಹುಲ್ಲನ್ನು ಒಣಗಲು ಬಿಡಬಾರದು. ಒದ್ದೆ ಪಾಚಿಯಲ್ಲಿ ಸುತ್ತಿ, ನೆರಳಲ್ಲಿ, ತಂಪಾಗಿ ಇಡಬೇಕಿತ್ತು. ಹುಟ್ಟಿದಾಗಿನಿಂದ ಹುಲ್ಲನ್ನು ಕೊಯ್ದು ಗೊತ್ತೇ ಹೊರತು ನೆಟ್ಟು ಗೊತ್ತಿಲ್ಲ ನಮಗೆ. ಸಾವಿರದ ಇನ್ನೂರನ್ನೂ ನನ್ನ ಕೈಯಾರೆ ಕೊಂದು, ಮಾಲೆ ಕಟ್ಟಿ ಇಟ್ಟಿದ್ದೆ.

"ನೀನೇ ಅಂದಿದ್ದು, ಬುಟ್ಟಿ ಹುಲ್ಲಿನ ಹಾಗೆ ಇಡಿ ಅಂತ" ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಅವಳು ಒಂದು ಹೆಣಿಗೆಯನ್ನು ಬೆರಳಲ್ಲಿ ಸವರಿದಳು. ಆಮೇಲೆ ನಗಲು ಶುರು ಮಾಡಿದಳು. ಭುಜ ಕುಣಿಸಿಕೊಂಡು, ಸದ್ದಿಲ್ಲದೆ.

"ಚೆನ್ನಾಗಿ ಹೆಣೆದಿದ್ದೀಯ ಕಣೇ" ಎಂದಳು. "ತಪ್ಪು ನಂದೇ. ನಿನ್ನಂಥವಳಿಗೆ ಹಾಗೆ ಹೇಳಬಾರದಿತ್ತು."

ಕಣೇ ಎಂದಳು. ಅವಳಿಗೇ ಗೊತ್ತಾಗಲಿಲ್ಲವೇನೋ. ನಾನು ಒಳಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತು ಅತ್ತೆ. ಹುಲ್ಲಿಗಾಗಿ ಅತ್ತೆನೋ ಏನೋ.

ಜೂನ್ 2

ಮೀನು ಚಪ್ಪರ ಖಾಲಿ ಮಾಡಿದೆ. ಒಣಗಿದ್ದನ್ನು ಎಸೆಯಲು ಮನಸ್ಸಾಗದೆ ಅಟ್ಟದಲ್ಲಿ ಇಟ್ಟೆ.

ಜೂನ್ 5

157/93. ಶಾರ್ಲೀನ್ ಮತ್ತು ಊರ ಸಭೆಯ ಹಿರಿಯರು ಬಂದಿದ್ದರು. ಉಳಿದಿರುವುದು ಒಳಗಿನ ಅರ್ಧ, ಅಮ್ಮನ ಜಾಗ. ಅಲ್ಲಿ ಹೊಸ ಚಿಗುರು ಒಂದು ಬೆರಳು ಬಂದಿದೆ. ತುದಿ ಕತ್ತರಿಸಿ, ಅಗೆದ ದಿನವೇ ನೆಟ್ಟರೆ ಈಗಲೂ ಹಿಡಿಯಬಹುದು. ಇನ್ನು ಎರಡು ವಾರ ಬಿಟ್ಟರೆ ಈ ವರ್ಷದ ಮಾತು ಮುಗಿಯಿತು.

ಕೊಡುತ್ತೇನೆ ಎಂದೆ. ಅವರು ಕೇಳುವ ಮೊದಲೇ ಎಂದೆ. ಮಾಡಿದ ತಪ್ಪಿಗೆ ಅಷ್ಟಾದರೂ ಬೇಡವೇ.

ಆದರೆ ಶಾರ್ಲೀನ್ ತಲೆ ಬಗ್ಗಿಸಿಕೊಂಡೇ ಹೇಳಿದಳು. "ಅಲ್ಲಿ ಈಗ ನೆಡೋಕೆ ಬರೋದು ಆರುನೂರು ಬುಡ ಅಷ್ಟೇ. ತೆಳುವಾಗಿ ಎರಡು ಕಡೆ ನೆಟ್ರೆ ಎರಡೂ ಕಡೆ ಹೋಗುತ್ತೆ. ಒಂದೇ ಕಡೆ ಒತ್ತಾಗಿ ನೆಡ್ಬೇಕು."

ಸಮಾಧಿ, ಇಲ್ಲವೇ ತಗ್ಗು.

"ಹುಲ್ಲು ನಿಮ್ಮದು. ನೀವು ಹೇಳಿದ ಕಡೆ" ಎಂದು ಹಿರಿಯರು ಚಹಾ ಕುಡಿದು ಎದ್ದರು. ಎಷ್ಟು ಸುಲಭವಾಗಿ ಹೇಳಿಬಿಟ್ಟರು. ಶಾರ್ಲೀನಳನ್ನು ತಡೆದು, ನೀನೇನಂತೀ ಎಂದು ಕೇಳಿದೆ.

"ನಾನು ಹೇಳೋ ಹಾಗಿಲ್ಲ. ಒಂದು ಕಡೆ ನಾನೇ ಮಲಗಿದ್ದೀನಿ, ಇನ್ನೊಂದು ಕಡೆ ನನ್ನ ತಂಗಿ ಮನೆ" ಎಂದಳು.

ತಂಗಿ ಎಂದದ್ದು ಮತ್ರೋನಾಳನ್ನು. ಅವಳಿಗೆ ಅರವತ್ತೆಂಟು ವರ್ಷ.

ಜೂನ್ 6

ಸಮಾಧಿ ಮುಂದೆಯೇ. ಮೊದಲೇ ಮಾತಾಗಿತ್ತು, ನೆಡುವುದು ಮೊದಲು ಅಲ್ಲೇ ಎಂದು. ಮಾತು ಅಂದಮೇಲೆ ಮಾತು.

ಜೂನ್ 7

ಮತ್ರೋನಾಳ ಮನೆಯಲ್ಲಿ ಏಳು ಜನ ಇದ್ದಾರೆ. ಅದನ್ನು ಯಾಕೆ ಬರೆದೆನೋ. ಎಲ್ಲರಿಗೂ ಗೊತ್ತಿರುವುದೇ.

ಜೂನ್ 8

ಮಧ್ಯಾಹ್ನ ಮತ್ರೋನಾ ಹಬೆಮನೆ ಕಾಯಿಸಿ ಕರೆದಳು. ಬಿಸಿ ಕಲ್ಲಿನ ಮೇಲೆ ನೀರು ಸುರಿದು ಇಬ್ಬರೇ ಕೂತೆವು. ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. ಮಾತಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಅವಳು ಸೊಸೆಯ ಸೋಮಾರಿತನದ ಬಗ್ಗೆ ಮಾತಾಡಿದಳು, ಈ ಸಲದ ಹೆರಿಂಗ್ ಮೀನಿನ ಮೊಟ್ಟೆಯ ಬಗ್ಗೆ ಮಾತಾಡಿದಳು, ತನ್ನ ಮೊಣಕಾಲಿನ ಬಗ್ಗೆ ಮಾತಾಡಿದಳು. ಹುಲ್ಲಿನ ಸುದ್ದಿ ಎತ್ತಲಿಲ್ಲ. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಕೇಳಬಾರದಾ ನೀನು? ಬಾಯಿ ಬಿಟ್ಟು ಕೇಳಬಾರದಾ, ತಗ್ಗಲ್ಲಿ ನೆಡು ಅಂತ?"

"ಏನಂತ ಕೇಳ್ಲಿ ಅತ್ತಿಗೆ? ನಂದು ಪ್ಲೈವುಡ್ ಮನೆ. ನೀರು ಬಂದ್ರೆ ಬಿಚ್ಚಿ ಇನ್ನೊಂದು ಕಡೆ ಹೊಡೆದ್ರಾಯ್ತು. ಅಣ್ಣನ ಮುಂದೆ ನೆಡು. ನಾನಾಗಿದ್ರೆ ಗುಡ್ಡಕ್ಕೆ ಒಯ್ತಿದ್ದೆ, ಅದು ಬೇರೆ ಮಾತು. ಅವನಿಗೆ ತೀರಿಸೋದು ನಿನಗೆ ಏನೋ ಬಾಕಿ ಉಳಿದಿದೆ ಅಂತ ನನಗೆ ಗೊತ್ತು. ಇಪ್ಪತ್ತೇಳು ವರ್ಷದಿಂದ ಆ ಮಗುಗೆ ಬೂಟು ಹೊಲಿದು ಕೊಡ್ತಾನೇ ಇದ್ದೀಯಲ್ಲ."

ಹಬೆ ಕಣ್ಣಿಗೆ ಹೊಕ್ಕಿತು. ನೀರು ಇನ್ನೊಂದು ಸೌಟು ಸುರಿ ಎಂದೆ. ಸುರಿದಳು. ಅವಳು ಹೋದ ವರ್ಷದ ಬಿರುಗಾಳಿಯಲ್ಲಿ ಮೊಮ್ಮಕ್ಕಳನ್ನು ಹಾಸಿಗೆಯ ಮೇಲೆ ನಿಲ್ಲಿಸಿ, ತಾನು ಮೊಣಕಾಲವರೆಗೆ ನೀರಲ್ಲಿ ನಿಂತಿದ್ದಳು. ಆ ಮೊಣಕಾಲೇ ಈಗ ನೋಯುತ್ತಿರುವುದು. ಅದನ್ನೂ ಹೇಳಲಿಲ್ಲ.

ಜೂನ್ 9

ತಗ್ಗಿನಲ್ಲಿ ನೆಡಲು ಹೇಳಿದೆ. ಹೇಳಿ ಬಂದು ಸಮಾಧಿಗೆ ಹೋದೆ. ಶಿಲುಬೆಗೆ ಅಂಟಿದ ಮರಳು ಒರೆಸಿ ಬಂದೆ.

ಜೂನ್ 12

ಮೂರು ದಿನದಲ್ಲಿ ನೆಟ್ಟು ಮುಗಿಸಿದೆವು. ಈ ಸಲ ಒಂದು ಬೇರೂ ಒಣಗಲಿಲ್ಲ. ಅಗೆದ ತಕ್ಷಣ ಒದ್ದೆ ಪಾಚಿ, ಅದರ ಮೇಲೆ ಒದ್ದೆ ಗೋಣಿ. ಮುಂಗೈ ಮುಳುಗುವಷ್ಟು ಆಳದ ಗುಳಿ, ಗುಳಿಗೆ ಎರಡು ಬುಡ, ಮೇಲೆ ಹಿಡಿ ಗೊಬ್ಬರ, ಕಾಲಲ್ಲಿ ಒತ್ತಿ ಮುಂದಕ್ಕೆ. ಕಡಲ ಕಡೆಗೆ ತೇಲಿಬಂದ ಮರದ ದಿಮ್ಮಿಗಳನ್ನು ಅಡ್ಡ ಇಟ್ಟೆವು, ಗಾಳಿಯ ಮರಳು ಅಲ್ಲೇ ನಿಲ್ಲಲಿ ಎಂದು.

ಅಮ್ಮನ ಜಾಗದಲ್ಲಿ ಕೊನೆಯ ಬುಡ ಎಬ್ಬಿಸಿದಾಗ ಸಂಕಟವಾಯಿತು. ಶಾರ್ಲೀನ್ ಪಕ್ಕಕ್ಕೆ ಬಂದು, ಮೂರಕ್ಕೊಂದು ಬಿಟ್ಟಿದ್ದೀವಲ್ಲ, ನಾಲ್ಕು ವರ್ಷದಲ್ಲಿ ಮತ್ತೆ ತುಂಬಿಕೊಳ್ಳುತ್ತೆ ಎಂದಳು.

"ನಾಲ್ಕು ವರ್ಷ ನಾನಿರಬೇಕಲ್ಲ."

"ಇಲ್ಲದೆ ಎಲ್ಲಿಗೆ ಹೋಗ್ತೀಯ? ನನ್ನ ಬಿಟ್ಟು?"

ಮತ್ರೋನಾ ಅಲ್ಲಿಂದಲೇ ಕೂಗಿದಳು. "ಅಣ್ಣಾ, ಅತ್ತಿಗೆ ಜೊತೆ ಸರಸ ಆಮೇಲೆ. ಇಲ್ಲಿ ಗೊಬ್ಬರ ಮುಗೀತು."

ಎಲ್ಲರೂ ನಕ್ಕರು. ಶಾರ್ಲೀನ್ ಕೆಂಪಗಾದರು. ಆದಳು ಎಂದು ಬರೆಯಬೇಕಿತ್ತು. ಇರಲಿ.

ಅವರ ಕಾಲಲ್ಲಿ ಹೊಸ ಬೂಟು. ಸೀಲ್ ಚರ್ಮದ್ದು, ಹೋದ ಚಳಿಗಾಲ ನಾನು ಹೊಲಿದು ಕೊಟ್ಟಿದ್ದು.

ಜುಲೈ 6

ಸಾಲ್ಮನ್ ಬಂದು ಕೈ ಬಿಡುವಿಲ್ಲ. ಇವತ್ತು ಅರವತ್ತು ಮೀನು ಸೀಳಿದೆ. ತಗ್ಗಿನಲ್ಲಿ ಹುಲ್ಲು ಹಸಿರಾಗಿದೆ. ಪ್ರತಿ ಬುಡದ ಹಿಂದೆ ಒಂದೊಂದು ಹಿಡಿ ಮರಳು ಕೂತಿದೆ. ನಮ್ಮವರು ಕಚೇರಿಯಿಂದ ಬಂದು ಅಳತೆ ಕೋಲು ಇಟ್ಟು ನೋಡಿದರು, ನಾಲ್ಕು ಅಂಗುಲ ಏರಿದೆ ಎಂದರು. ಊಟ ಮಾಡಿಕೊಂಡೇ ಹೋದರು.

ಜುಲೈ 29

ಹಣ್ಣು ಬಿಟ್ಟಿದೆ. ನಾನು, ಮತ್ರೋನಾ, ಅವರು, ಮೂರು ಜನ ಎರಡು ಬಕೆಟ್ ಕಿತ್ತೆವು. ಹಿಂದಿರುಗುವಾಗ ಸಮಾಧಿಯ ಹತ್ತಿರ ಇಳಿದು ಹೆಜ್ಜೆ ಎಣಿಸಿದೆ. ಒಂಬತ್ತು.

ಮತ್ರೋನಾ ಗಾಡಿಯಲ್ಲೇ ಕೂತಿದ್ದಳು. ಅವಳ ಹತ್ತಿರ ಹೋಗಿ ಹೇಳಿದೆ. "ಗುಡ್ಡದ ಮೇಲೆ ಜಾಗ ನೋಡು. ಗಾಳಿ ಕಮ್ಮಿ ಇರೋ ಕಡೆ."

ಗೆದ್ದೆ ಎಂದು ಹೀಯಾಳಿಸುತ್ತಾಳೆ ಎಂದುಕೊಂಡಿದ್ದೆ. "ನೋಡಿಟ್ಟು ಎರಡು ವರ್ಷ ಆಯ್ತು. ನಿನಗೂ ಪಕ್ಕದಲ್ಲೇ ಹಿಡಿದಿಟ್ಟಿದ್ದೀನಿ" ಎಂದಳು.

ಆಗಸ್ಟ್ 16

ಇವತ್ತು ವಾಸಿಲಿಯನ್ನು ಗುಡ್ಡಕ್ಕೆ ಒಯ್ದೆವು. ನಾನು ಒಪ್ಪಿದ್ದೇ ತಡ, ಸಮಾಧಿಗಳ ಮುಂದಿನ ಎರಡು ಸಾಲಿನವರನ್ನೂ ಆಯಾ ಮನೆಯವರು ಒಯ್ಯಲು ಶುರು ಮಾಡಿದ್ದಾರೆ. ಇಷ್ಟು ದಿನ ಎಲ್ಲರೂ ನನ್ನ ಮುಖ ನೋಡುತ್ತಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ.

ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಗುದ್ದಲಿ ಹಿಡಿದದ್ದು ನಮ್ಮವರು. ಬೇಡ, ಬೇರೆಯವರು ಅಗೆಯಲಿ ಎಂದೆ.

"ನನ್ನ ಹಾಸಿಗೆ ನಾನೇ ಮಡಿಸಿಡ್ತೀನಿ, ಬಿಡೇ" ಎಂದರು. ಪಾದ್ರಿಯೂ ಮೀಸೆಯೊಳಗೆ ನಕ್ಕರು.

ಪೆಟ್ಟಿಗೆ ಗಟ್ಟಿ ಇತ್ತು. ಒಣ ಮರಳು ಕಾಪಾಡಿತ್ತು. ಅದರ ಸುತ್ತ ನಾನು ಹೆಣೆದ ಚಾಪೆ ಸುತ್ತಿದೆವು. ಮೇ ತಿಂಗಳಲ್ಲಿ ನಾನು ಕೊಂದ ಹುಲ್ಲಿನದೇ ಚಾಪೆ. ವಸಂತದ ಹುಲ್ಲು ಬುಟ್ಟಿಗೆ ಬಾರದು, ಚಾಪೆಗೆ ಬಂತು. ಸಾವಿರದ ಇನ್ನೂರರಲ್ಲಿ ಒಂದನ್ನೂ ಎಸೆದಿಲ್ಲ. ನಾಲ್ಕು ಜನ ಎತ್ತಿದರು. ಹಗುರವಾಗಿದ್ದ.

ಮತ್ರೋನಾ ಅತ್ತಳು. ನಾನು ಅಳಲಿಲ್ಲ. ನಮ್ಮವರು ಬೆವರಿದ್ದರು, ಕಡಲ ಗಾಳಿ ಬೇರೆ, ಟೋಪಿ ಹಾಕಿಕೊಳ್ಳಿ ಎಂದು ನಾಲ್ಕು ಸಲ ಹೇಳಬೇಕಾಯಿತು.

ಸೆಪ್ಟೆಂಬರ್ 19

ಬಿಪಿ ಪಟ್ಟಿ ಎಲ್ಲಿಟ್ಟೆನೋ, ಸಿಗುತ್ತಿಲ್ಲ.

ಮೊನ್ನೆಯಿಂದ ಬಿರುಗಾಳಿ. ಊರೆಲ್ಲ ಶಾಲೆಯಲ್ಲಿ ಕೂತಿದ್ದೆವು. ಇವತ್ತು ಬೆಳಿಗ್ಗೆ ಗಾಳಿ ಇಳಿದ ಮೇಲೆ ತಗ್ಗಿಗೆ ಓಡಿದೆವು. ನನ್ನ ವಯಸ್ಸಿನವಳು ಓಡಿದ್ದು ಎನ್ನಬಹುದಾದರೆ. ದಿಮ್ಮಿಗಳು ಒಂದೂ ಇಲ್ಲ. ಕಡಲ ಕಡೆಯ ನಾಲ್ಕು ಸಾಲು ಹುಲ್ಲು ಹೋಗಿದೆ. ಐದನೇ ಸಾಲಿನ ಬೇರುಗಳು ಅಂಚಿನಿಂದ ಜೋತಾಡುತ್ತಿವೆ. ಅದರ ಹಿಂದಿನದೆಲ್ಲ ಮರಳು ಹಿಡಿದುಕೊಂಡೇ ಇದೆ. ಅಮ್ಮನ ಹುಲ್ಲು. ಮತ್ರೋನಾಳ ಮನೆಯ ಕೆಳಗಿನ ಮೆಟ್ಟಿಲು ಮಾತ್ರ ಒದ್ದೆ.

"ನೋಡು ಅತ್ತಿಗೆ, ಸೊಸೆ ಒಂದು ದಿನಾನೂ ತೊಳೀದ ಮೆಟ್ಟಿಲನ್ನ ಕಡಲು ತೊಳೆದುಕೊಟ್ಟು ಹೋಗಿದೆ" ಎಂದು ಮತ್ರೋನಾ ನನ್ನ ತೋಳು ಹಿಡಿದಳು. ಬಹಳ ಹೊತ್ತು ಬಿಡಲಿಲ್ಲ.

ಅಲ್ಲಿಂದ ಸಮಾಧಿಯ ಕಡೆ ನಡೆದೆ. ಹೆಜ್ಜೆ ಎಣಿಸಲು ನೆಲವೇ ಇರಲಿಲ್ಲ. ವಾಸಿಲಿ ಇಪ್ಪತ್ತೇಳು ವರ್ಷ ಮಲಗಿದ್ದ ಜಾಗದಲ್ಲಿ ಕಂದು ನೀರು ಬರುತ್ತಿತ್ತು, ಹೋಗುತ್ತಿತ್ತು. ಇಲ್ಲಿ ನಿಂತು ಅಳಬೇಕಾಗುತ್ತದೆ ಎಂದು ಎಷ್ಟು ದಿನ ಹೆದರಿದ್ದೆ. ನಿಂತೆ. ಆದರೆ ಕಣ್ಣು ತಗ್ಗಿನ ಕಡೆಗೇ ಹೋಯಿತು. ಅಲ್ಲಿ ನಮ್ಮವರು ಕೈಯಲ್ಲಿ ಪುಸ್ತಕ ಹಿಡಿದು ಜೋತುಬಿದ್ದ ಬೇರುಗಳನ್ನು ಎಣಿಸುತ್ತಿದ್ದರು. ಒಂದೊಂದು ಅಲೆ ಬಂದಾಗಲೂ ನೀರು ಬೂಟಿನ ಬಾಯಿ ದಾಟಿ ಒಳಗಿಳಿಯುತ್ತಿತ್ತು. ಅವರಿಗೆ ಅದರ ಪರಿವೆಯೇ ಇಲ್ಲ.

"ರೀ," ಎಂದು ಕೂಗಿದೆ. ಊರಿಗೆಲ್ಲ ಕೇಳಿಸಿರಬೇಕು. "ಕಾಲು ಒದ್ದೆಯಾಗಿದೆ. ಎಣಿಸಿದ್ದು ಸಾಕು, ಮನೆಗೆ ಬನ್ನಿ."

"ಇನ್ನೊಂದೇ ಸಾಲು ಇದೆ ಕಣೇ."

"ಸಾಲು ಎಲ್ಲಿಗೂ ಓಡಿಹೋಗಲ್ಲ. ಬನ್ನಿ ಅಂದೆ."

ಪುಸ್ತಕ ಮುಚ್ಚಿದರು. ಬಂದರು.

ಈಗ ನನ್ನ ಒಲೆಯ ಹತ್ತಿರ ಕೂತು ಒಣಮೀನು ತಿನ್ನುತ್ತಿದ್ದಾರೆ. ಬೂಟು ಬೋರಲು ಹಾಕಿದ್ದೇನೆ. ಕಾಲ್ಚೀಲ ಒಲೆಯ ಮೇಲಿನ ಹಗ್ಗದಲ್ಲಿ ಇನ್ನೂ ಹನಿಯುತ್ತಿದೆ. ಅದು ಒಣಗುವವರೆಗೆ ಇವರನ್ನು ಎಲ್ಲಿಗೂ ಕಳಿಸುವುದಿಲ್ಲ.